ಅಕ್ಕ & ತಂಗಿ ಟೈಲರ್ಸ್

೧
ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಹೊಲಿಗೆ ಅಂಗಡಿಯಿಂದ ಶುರು ಮಾಡಿದರೆ ಬಟ್ಟೆಯ ಕಥೆ ಎಂದುಕೊಳ್ಳುತ್ತೀರಿ. ಕಂಪ್ಯೂಟರಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. (ನಾನಾದರೂ ಮಗುಚುತ್ತಿದ್ದೆ. ಎರಡು ಕರಡು ಹರಿದದ್ದಾಯಿತು.)

ಮಾರುಕಟ್ಟೆ ಬೀದಿಯ ಅಂಗಡಿಗಳನ್ನು ಫೋನಿನಲ್ಲಿ ತೋರಿಸುವ ಆ್ಯಪ್ ಒಂದಿತ್ತು. ಅಂಗಡಿಗಳ ಹೆಸರನ್ನೆಲ್ಲ ಎಕ್ಸ್‌ಎಂಎಲ್ ಎಂಬ ಬಗೆಯ ಒಂದು ಫೈಲಿಗೆ ಬರೆದು ಆ ಆ್ಯಪಿಗೆ ಕಳಿಸುವ ಪ್ರೋಗ್ರಾಂ ನನ್ನ ನಾಯಕಿಯದು. ಒಂದು ಬೆಳಿಗ್ಗೆ 'ಅಕ್ಕ & ತಂಗಿ ಟೈಲರ್ಸ್' ಹೊಸದಾಗಿ ಸೇರಿತು. ಆ್ಯಪಿನಿಂದ ಇಡೀ ಬೀದಿಯೇ ಮಾಯವಾಯಿತು.

ಫೈಲು ಓದುವ ಯಂತ್ರಕ್ಕೆ & ಎಂದರೆ 'ಇಲ್ಲಿಂದ ಒಂದು ಸಂಕೇತ ಶುರು' ಎಂದರ್ಥ. ಮುಂದೆ ಸಂಕೇತ ಸಿಗದಿದ್ದರೆ ಅದು ಮುನಿಸಿಕೊಂಡು ಇಡೀ ಫೈಲನ್ನೇ ಪಕ್ಕಕ್ಕೆ ತಳ್ಳುತ್ತದೆ.

"ಆ ಗುರುತು ತೆಗೆದು 'ಮತ್ತು' ಅಂತ ಹಾಕಿಬಿಡಿ, ಮುಗೀತು," ಎಂದರು ಮ್ಯಾನೇಜರ್.

೨
ಒಪ್ಪಿಗೆ ಕೇಳಲು ನಾಯಕಿ ಅಂಗಡಿಗೆ ಫೋನ್ ಮಾಡಿದಳು.

"ಅದೊಂದು ಮಾತ್ರ ಆಗಲ್ಲಮ್ಮ," ಎಂದಳು ಅಕ್ಕ. "ನಾವಿಬ್ರೂ ವರ್ಷಗಟ್ಟಲೆ ಮಾತು ಬಿಟ್ಟಿದ್ವಿ. ಅಂಗಡಿ ನಡುವೆ ಹಲಗೆ ಹಾಕ್ಕೊಂಡು ಬೇರೆ ಬೇರೆ ಹೊಲೀತಿದ್ವಿ. ಮೊನ್ನೆ ಹಲಗೆ ತೆಗೆಸಿದ್ವಿ. ಬೋರ್ಡು ಬರೆಯೋನು ಈ ಗುರುತು ಹಾಕಿದ. ದಾರದ ಗಂಟಿನ ಥರ ಇದೆ ಅಂತ ತಂಗಿ ನಕ್ಕಳು. ಅವಳು ನಕ್ಕಿದ್ದು ನೋಡಿ ಎಷ್ಟು ಕಾಲ ಆಗಿತ್ತು ಗೊತ್ತಾ? ಅದು ಇರ್ಲಿ."

(ಇಲ್ಲಿ ಇಬ್ಬರನ್ನೂ ತಬ್ಬಿಸಿ ಅಳಿಸಲು ಒಂದಷ್ಟು ಸಾಲು ಬರೆದಿದ್ದೆ. "ಕೈತುಂಬ ಕೆಲಸ ಇದೆ, ಅಳೋಕೆಲ್ಲ ಪುರುಸೊತ್ತಿಲ್ಲ. ಹೊಡೆದುಹಾಕಿ ಅದನ್ನ," ಎಂದು ಅಕ್ಕ ನನ್ನನ್ನೇ ಗದರಿದಳು. ಹೊಡೆದುಹಾಕಿದೆ.)

೩
ಉಪಾಯವಿತ್ತು. ಫೈಲಿನಲ್ಲಿ & ಬದಲು &amp; ಎಂದು ಬರೆದರೆ ಓದುವ ಯಂತ್ರ ಅದನ್ನು ಮತ್ತೆ & ಮಾಡಿಕೊಳ್ಳುತ್ತದೆ. ಆಕೆ ಹಾಗೇ ಮಾಡಿದಳು. ಪಕ್ಕದ ಮೇಜಿನವನೂ ಉಪಕಾರ ಮಾಡಲು ಹೋಗಿ, ಅವಳಿಗೆ ಹೇಳದೆ, ಪ್ರೋಗ್ರಾಮಿನ ಇನ್ನೊಂದು ಕಡೆ ಅದನ್ನೇ ಮಾಡಿದ. ಎರಡು ಸಲ ಕಟ್ಟಿದ್ದನ್ನು ಯಂತ್ರ ಒಂದೇ ಸಲ ಬಿಚ್ಚಿತು. ಬೀದಿ ಮರಳಿ ಬಂತು, ಆದರೆ ಅಂಗಡಿಯ ಹೆಸರು ಹೀಗಿತ್ತು: ಅಕ್ಕ &amp; ತಂಗಿ ಟೈಲರ್ಸ್.

ಈ ಸಲ ತಂಗಿಯ ಫೋನು. "ನಮ್ಮಿಬ್ಬರ ಮಧ್ಯೆ ಈ ಆಂಪ್ ಯಾರಮ್ಮ? ಬಾಡಿಗೆ ಕೊಡ್ತಾನಾ?" ಹಿಂದೆ ಅಕ್ಕ ಬಿದ್ದು ಬಿದ್ದು ನಗುವುದು ಕೇಳಿಸಿತು.

ಆಕೆಯೂ ನಕ್ಕಳು. ಪಕ್ಕದವನು ಮಾಡಿದ್ದನ್ನು ಅಳಿಸಿ, ಫೈಲು ಬರೆಯುವ ಜಾಗದಲ್ಲಿ ಮಾತ್ರ ಒಂದೇ ಸಲ ಬದಲಾಗುವಂತೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೆಸರು ಬೋರ್ಡಿನಲ್ಲಿದ್ದಂತೆಯೇ ಕಾಣಿಸಿತು.

೪
ಒಂದು ಮುಕ್ತಾಯ: ಆಕೆಗೆ ಬಡ್ತಿ ಸಿಕ್ಕಿತು. (ಸಿಗಲಿಲ್ಲ.) ಇನ್ನೊಂದು: ಅಕ್ಕ ತಂಗಿ ಮತ್ತೆಂದೂ ಜಗಳವಾಡಲಿಲ್ಲ. (ನಂಬಬೇಡಿ.) ನಡೆದದ್ದು ಇಷ್ಟೇ. ಆಕೆ ಅಂಗಿ ಹೊಲಿಸಲು ಅಂಗಡಿಗೆ ಹೋದಳು.

"ತೋಳು ಮೊಣಕೈ ತನಕ ಸಾಕು," ಎಂದಳು ತಂಗಿ.

"ಮಣಿಕಟ್ಟಿನ ತನಕ ಬೇಕು," ಎಂದಳು ಅಕ್ಕ.

ಆಕೆ ಕೈ ಚಾಚಿಕೊಂಡು ಇಬ್ಬರ ನಡುವೆ ನಗುತ್ತ ನಿಂತಿದ್ದಾಳೆ. ಅಳತೆಯೇ ತೀರ್ಮಾನವಾಗದೆ ನಾನು ಕಥೆ ಮುಗಿಸುವುದು ಹೇಗೆ?

"ಸುಮ್ನೆ ಬರೀತಾ ಕೂತಿದ್ದೀರಲ್ಲ," ಎಂದು ತಂಗಿ ಟೇಪನ್ನು ನನ್ನತ್ತ ಚಾಚುತ್ತಾಳೆ. "ಈ ತುದಿ ಹಿಡ್ಕೊಳ್ಳಿ."

ಪೆನ್ನು ಕೆಳಗಿಟ್ಟು ಹಿಡಿದುಕೊಂಡಿದ್ದೇನೆ.