ಕೊಚ್ಚಿಯಿಂದ ಬಂದ ಫೋನು

ಸಂಘದ ಅಕ್ಕತಂಗಿಯರೇ, ಇದು ನಮ್ಮ ಮುಂಡಾಜೆಯ ಅಮ್ಮಣ್ಣಿ ಅಕ್ಕನ ಮನೆಯಲ್ಲಿ ನಡೆದ ಸಂಗತಿ. ಹೇಳಬಹುದಾ ಎಂದು ಅವರನ್ನೇ ಕೇಳಿದೆ. "ಹೆಸರು ಹಾಕಿಯೇ ಹೇಳು. ಮುಚ್ಚಿಟ್ಟು ಆದದ್ದು ಸಾಕು" ಎಂದರು. ಹಾಗಾಗಿ ಹೇಳುತ್ತಿದ್ದೇನೆ.

ನಮ್ಮ ಊರು ದಾಟಿ ಚಾರ್ಮಾಡಿ ಘಾಟಿ ಹತ್ತುವವರಿಗೆಲ್ಲ ಶಂಭಣ್ಣನ ಹೋಟೆಲು ಗೊತ್ತು. ಘಾಟಿಯಲ್ಲಿ ಫೋನಿಗೆ ರೇಂಜ್ ಸಿಗುವುದಿಲ್ಲವಲ್ಲ, ಹತ್ತುವವರು ಆ ಹೋಟೆಲಿನ ಅಂಗಳದಲ್ಲಿ ನಿಂತು ಮನೆಗೊಂದು ಮಾತು ಹೇಳಿ ಹೊರಡುತ್ತಾರೆ. ಇಳಿದು ಬಂದವರು ಅಲ್ಲೇ ನಿಂತು "ಇಳಿದೆವು" ಎಂದು ತಿಳಿಸಿ, ಆಮೇಲೆ ಗೋಳಿಬಜೆ ತಿನ್ನುತ್ತಾರೆ. ತಿರುವುಗಳಲ್ಲಿ ಹೊಟ್ಟೆ ತೊಳಸಿದವರು ಲಿಂಬೆ ಶರಬತ್ತು ಕುಡಿಯುತ್ತಾರೆ. ಬಾಣಲೆಯ ಮುಂದೆ ಶಂಭಣ್ಣ, ಒಳಗೆ ಚಟ್ನಿ ಅರೆಯಲು ಅವರ ಹೆಂಡತಿ ಅಮ್ಮಣ್ಣಿ ಅಕ್ಕ. ನನ್ನ ಟೈಲರಿಂಗ್ ಅಂಗಡಿ ರಸ್ತೆಯ ಈಚೆ ಬದಿಗೆ. ಅವರಿಬ್ಬರ ಜಗಳ, ನಗು ಎಲ್ಲ ನನ್ನ ಮೆಷಿನಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು.

ಮದುವೆಯಾದ ಮೇಲೆ ಅಮ್ಮಣ್ಣಿ ಅಕ್ಕ ಹೋಟೆಲು ಬಿಟ್ಟು ಎಲ್ಲಿಯೂ ಹೋದವರಲ್ಲ. ಈ ವರ್ಷ ಅವರ ಅಣ್ಣನ ಮಗ ರಂಜಿತ್ ಮುಂಬೈಯಿಂದ ಫೋನು ಮಾಡಿದ. ತನ್ನ ಅಮ್ಮನನ್ನು ಪ್ರವಾಸದ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಿದ್ದಾನಂತೆ, ಮಾಮಿ, ಅಂದರೆ ನಮ್ಮ ಅಕ್ಕನೂ, ಜೊತೆಗೆ ಬರಬೇಕಂತೆ. ಮುಂಬೈಯಿಂದ ಕೊಚ್ಚಿ, ಅಲ್ಲಿಂದ ಲಕ್ಷದ್ವೀಪ, ತಿರುಗಿ ಮುಂಬೈ.

"ನೀವೂ ಬನ್ನಿ" ಎಂದು ಅಕ್ಕ ಗಂಡನನ್ನು ಕರೆದರು.

"ನಾನು ಬಂದ್ರೆ ಇಲ್ಲಿ ಬಜೆ ಕಾಯಿಸುವುದು ಯಾರು? ನೀನು ಹೋಗು. ಒಮ್ಮೆಯಾದ್ರೂ ಯಾರೋ ಬಡಿಸಿದ್ದನ್ನು ಕೂತು ತಿನ್ನು" ಎಂದರು ಶಂಭಣ್ಣ.

ಹೊಸ ರವಿಕೆಯ ಅಳತೆ ಕೊಡಲು ಅಕ್ಕ ನನ್ನ ಅಂಗಡಿಗೆ ಬಂದಾಗ ಪಕ್ಕದ ಮನೆಯ ಹರ್ಷಿತಾ ಅಲ್ಲಿಯೇ ಇದ್ದಳು. ಹರ್ಷಿತಾ ಇಂಥದೇ ಹಡಗೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಹುಡುಗಿ, ರಜೆಯಲ್ಲಿ ಊರಿಗೆ ಬಂದಿದ್ದಳು.

"ಅಕ್ಕ, ಹಡಗಿನ ಹೆಸರು ಏನು?" ಎಂದು ಕೇಳಿದಳು.

"ಹಡಗಿಗೆ ಹೆಸರು ಬೇರೆ ಉಂಟಾ? ರಂಜಿತನಿಗೆ ಗೊತ್ತಿರ್ತದೆ."

"ಅವರಿಗೆ ಗೊತ್ತಿದ್ರೆ ಸಾಲದು. ಮನೆಯಲ್ಲಿ ಇರುವವರಿಗೆ ಗೊತ್ತಿರಬೇಕು. ಹಡಗಿನ ಹೆಸರು, ನಿಮ್ಮ ರೂಮ್ ನಂಬರ್, ಕಂಪೆನಿಯ ತುರ್ತು ನಂಬರ್. ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ನಮ್ಮ ಸಿಮ್ ಸತ್ತ ಹಾಗೆ."

"ಹೊರಡುವ ಹೊತ್ತಿಗೆ ಸಾಯುವ ಮಾತು ಬೇಡ ಮಾರಾಯ್ತಿ!"

"ಸಿಮ್ಮಿನ ವಿಷಯ ಅಕ್ಕ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಹಾಕಿ, ಹಡಗಿನ ವೈಫೈ ತಗೊಂಡ್ರೆ ಮೆಸೇಜು ಬರ್ತದೆ, ಹೋಗ್ತದೆ. ದಿನಕ್ಕೆ ಒಂದು ಸಲ ಎರಡು ಅಕ್ಷರ ಬರೆದು ಹಾಕಿದ್ರೆ ಸಾಕು."

ಅಮ್ಮಣ್ಣಿ ಅಕ್ಕ ಕೈ ಮೇಲೆತ್ತಿ ಅಳತೆ ಕೊಡುತ್ತಲೇ ನಕ್ಕುಬಿಟ್ಟರು. "ಘಾಟಿಯಲ್ಲಿ ರೇಂಜ್ ಇಲ್ಲದೆ ಜನ ಹೋಗಿ ಬರುವುದಿಲ್ಲವಾ? ನಮ್ಮ ಅಂಗಳದಲ್ಲಿ ಎಷ್ಟು ಜನರನ್ನು ನೋಡಿಲ್ಲ ನಾನು. ಹತ್ತುವಾಗ ಒಂದು ಫೋನು, ಇಳಿದ ಮೇಲೆ ಒಂದು ಫೋನು. ಈ ಹಡಗು ಅಂದ್ರೆ ಸ್ವಲ್ಪ ಉದ್ದದ ಘಾಟಿ ಅಷ್ಟೆ."

ಮುಂಡಾಜೆಯವರಿಗೆ ಮಾತ್ರ ಹೊಳೆಯುವ ಲೆಕ್ಕ ಇದು. ನನಗೂ ಆಗ ನಗು ಬಂತು. ಆದರೆ ಘಾಟಿ ದಾಟಲು ಹಿಡಿಯುವುದು ಒಂದು ಗಂಟೆ. ಸಮುದ್ರ ಹಾಗಲ್ಲ. ಅಕ್ಕ ತಮ್ಮ ಫೋನನ್ನೇ ತೆಗೆದುಕೊಂಡು ಹೋಗಲಿಲ್ಲ. ಉಪ್ಪುನೀರು ತಾಗಿದರೆ ಹಾಳಾಗುತ್ತದೆ ಎಂದು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಹೋದರು. ಹೇಗೂ ರಂಜಿತನ ಫೋನು ಇದೆಯಲ್ಲ ಎಂದು ಶಂಭಣ್ಣನೂ ಸುಮ್ಮನಾದರು.

ಹಡಗು ಮುಂಬೈ ಬಿಟ್ಟ ಮರುದಿನ ಬೆಳಿಗ್ಗೆ ಶಂಭಣ್ಣ ಬಾಣಲೆಯ ಮುಂದೆಯೇ ಕುಸಿದು ಕುಳಿತರು. ಮೈಯೆಲ್ಲ ಬೆವರು. "ಗ್ಯಾಸು, ಏನಿಲ್ಲ" ಎಂದರು. ನಮ್ಮ ಗಂಡಸರಿಗೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸೇ. ಹರ್ಷಿತಾ ಕೇಳಲಿಲ್ಲ, ಕಾರು ತರಿಸಿದಳು. ನಾನೂ ಹತ್ತಿದೆ. ಬೆಳ್ತಂಗಡಿಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಹೃದಯಾಘಾತ ಎಂದು ಹೇಳಿ ನೇರ ಮಂಗಳೂರಿಗೆ ಕಳಿಸಿದರು. ಶಂಭಣ್ಣನ ಮಗಳು ಸಾತ್ವಿಕಾ ಮೂಡುಬಿದಿರೆಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಅಲ್ಲಿಂದಲೇ ಆಸ್ಪತ್ರೆಗೆ ಓಡಿಬಂದಳು.

ಸ್ವಲ್ಪ ಚೇತರಿಸಿಕೊಂಡ ಶಂಭಣ್ಣ ಮಗಳಿಗೆ ಹೇಳಿದ ಮೊದಲ ಮಾತು ಇದು: "ಅಮ್ಮನಿಗೆ ಹೇಳ್ಬಾರ್ದು."

"ಯಾಕಪ್ಪ?"

"ಪ್ರಯಾಣದಲ್ಲಿ ಇರುವವರಿಗೆ ಕೆಟ್ಟ ಸುದ್ದಿ ಮುಟ್ಟಿಸ್ಬಾರ್ದು. ಅವಳು ಒಂದು ಸಲ ಹೋಗಿದ್ದಾಳೆ. ಹಾಳು ಮಾಡುವುದು ಬೇಡ. ನನ್ನ ತಲೆ ಮೇಲೆ ಕೈ ಇಟ್ಟು ಹೇಳು."

ಸಾತ್ವಿಕಾ ಕೈ ಇಟ್ಟಳು. ಅಪ್ಪ ಹಾಸಿಗೆಯಲ್ಲಿ ಮಲಗಿ ಕೇಳುವಾಗ ಯಾವ ಮಗಳು ಇಲ್ಲ ಎನ್ನುತ್ತಾಳೆ? ನಮ್ಮ ಮನೆಗಳಲ್ಲೆಲ್ಲ ಇದೇ ಪದ್ಧತಿ. ಗಲ್ಫಿನಲ್ಲಿರುವವನಿಗೆ ಹೇಳಬೇಡಿ, ಪರೀಕ್ಷೆ ಬರೆಯುವವಳಿಗೆ ಹೇಳಬೇಡಿ, ಬಸ್ಸಿನಲ್ಲಿರುವವರಿಗೆ ಇಳಿದ ಮೇಲೆ ಹೇಳಿ. ಪ್ರೀತಿಯಿಂದಲೇ ಮಾಡುತ್ತೇವೆ, ಅದರಲ್ಲಿ ಸುಳ್ಳಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಡಗು ಕೊಚ್ಚಿಯಲ್ಲಿ ನಿಂತಿತು. ರಂಜಿತನ ಫೋನಿನಿಂದ ಅಮ್ಮಣ್ಣಿ ಅಕ್ಕ ಮಗಳಿಗೆ ಕರೆ ಮಾಡಿದರು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನಾವು ಮೂವರೂ ಕುಳಿತಿದ್ದೆವು. ಅಕ್ಕನ ಸ್ವರ ಮೊದಲೇ ದೊಡ್ಡದು, ಒಂದೊಂದು ಮಾತೂ ನಮಗೆ ಕೇಳುತ್ತಿತ್ತು.

"ಮಗಾ, ಕೊಚ್ಚಿಗೆ ಬಂದೆವು! ಸಂಜೆವರೆಗೆ ಇಲ್ಲೇ ಅಂತೆ. ಅಪ್ಪ ಎಲ್ಲಿ?"

"ಹೋಟೆಲಲ್ಲಿ ಅಮ್ಮ. ರಶ್ ಉಂಟು."

"ನಿನ್ನ ಸ್ವರ ಯಾಕೆ ಹಾಗೆ?"

"ಶೀತ ಅಮ್ಮ."

"ಎಲ್ಲ ಒಳ್ಳೆದುಂಟಲ್ಲ?"

ಸಾತ್ವಿಕಾ ನನ್ನ ಮುಖ ನೋಡಿದಳು, ಹರ್ಷಿತಾಳ ಮುಖ ನೋಡಿದಳು. ಆಮೇಲೆ "ಒಳ್ಳೆದುಂಟು" ಎಂದಳು.

ಫೋನು ಇಟ್ಟ ಮೇಲೆ ಹರ್ಷಿತಾ ಸಿಟ್ಟಿನಿಂದಲೇ ಹೇಳಿದಳು: "ಸಾತ್ವಿಕಾ, ಈಗಲೇ ತಿರುಗಿ ಮಾಡು. ಹಡಗು ಸಂಜೆವರೆಗೆ ಅಲ್ಲೇ ಉಂಟು. ಇಳಿದು ರೈಲು ಹಿಡಿದ್ರೆ ಇವತ್ತೇ ಮಂಗಳೂರಿಗೆ ಮುಟ್ತಾರೆ. ಅಲ್ಲಿಂದ ಹೊರಟ್ರೆ ಲಕ್ಷದ್ವೀಪ, ಆಮೇಲೆ ಮುಂಬೈಯೇ. ದ್ವೀಪದಲ್ಲಿ ಇಳಿದ್ರೂ ಅಲ್ಲಿಂದ ಬೇಗ ಬರಲಿಕ್ಕೆ ಆಗುವುದಿಲ್ಲ."

"ಅಪ್ಪನ ತಲೆ ಮುಟ್ಟಿದ್ದೇನೆ ಅಕ್ಕ. ಡಾಕ್ಟರೂ ಈಗ ಪರವಾಗಿಲ್ಲ ಅಂದ್ರಲ್ಲ."

ಹರ್ಷಿತಾ ಒಳಗೆ ಹೋಗಿ ಶಂಭಣ್ಣನಿಗೇ ಹೇಳಿದಳು. ಅವರು ಬೇಡ ಎಂದು ಕೈಯಾಡಿಸಿಬಿಟ್ಟರು. ಸಂಜೆ ಹಡಗು ಕೊಚ್ಚಿ ಬಿಟ್ಟಿತು.

ಮರುದಿನ ಶಂಭಣ್ಣನಿಗೆ ಎದೆನೋವು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ತಕ್ಷಣ ಆಪರೇಷನ್ ಆಗಬೇಕು, ಆದರೂ ಖಾತ್ರಿ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಆಗ ಶಂಭಣ್ಣನ ಹಟ ಎಲ್ಲ ಬಿಟ್ಟುಹೋಯಿತು. "ಅಮ್ಮಣ್ಣಿಯ ಹತ್ರ ಒಮ್ಮೆ ಮಾತಾಡ್ಬೇಕು" ಎಂದರು.

ಸಾತ್ವಿಕಾ ರಂಜಿತನಿಗೆ ಕರೆ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಂತ್ರ ಹೇಳಿತು. ಮೆಸೇಜು ಹಾಕಿದಳು, ಅದು ಹೋಗಿ ಮುಟ್ಟಲಿಲ್ಲ. ಮತ್ತೆ ಕರೆ, ಮತ್ತೆ ಅದೇ ಮಾತು.

"ಹಡಗಿನ ಹೆಸರು ಸಿಕ್ಕಿದ್ರೆ ಕಂಪೆನಿಗೆ ಫೋನು ಮಾಡಬಹುದು. ಅವರು ಹಡಗಿಗೆ ತಿಳಿಸ್ತಾರೆ. ಹೆಸರು ಯಾರಿಗಾದ್ರೂ ಗೊತ್ತುಂಟಾ?" ಎಂದಳು ಹರ್ಷಿತಾ.

ಯಾರಿಗೂ ಗೊತ್ತಿರಲಿಲ್ಲ. ಮುಂಬೈ ಬಿಡುವ ಮೊದಲು ರಂಜಿತ್ ಕಳಿಸಿದ ಫೋಟೋಗಳನ್ನು ಸಾತ್ವಿಕಾ ತೆರೆದಳು. ಹಡಗಿನ ಮೈಮೇಲಿನ ಹೆಸರಿಗೆ ಸರಿಯಾಗಿ ಅಡ್ಡ ನಿಂತು ಅಮ್ಮಣ್ಣಿ ಅಕ್ಕ ನಗುತ್ತಿದ್ದರು. ಬೇರೆ ಸಂದರ್ಭವಾಗಿದ್ದರೆ ನಾವೂ ನಗುತ್ತಿದ್ದೆವು. ಕೊನೆಗೆ ಇನ್ನೊಂದು ಫೋಟೋದ ಮೂಲೆಯಲ್ಲಿ, ನೀರಿಗೆ ಬಿದ್ದವರಿಗೆ ಎಸೆಯುವ ಬಳೆಯ ಮೇಲೆ ಹೆಸರು ಸಿಕ್ಕಿತು. ದೊಡ್ಡದು ಮಾಡಿ ಓದಿದೆವು. ಹರ್ಷಿತಾ ಕಂಪೆನಿಯ ನಂಬರ್ ಹುಡುಕಿ, ಅಕ್ಕನ ಪೂರ್ಣ ಹೆಸರು, ಇಲ್ಲಿಯ ಪರಿಸ್ಥಿತಿ ಎಲ್ಲ ಹೇಳಿದಳು. ನಂತರ ಕಾಯುವುದಷ್ಟೇ ಉಳಿಯಿತು. ಆಪರೇಷನ್ನಿಗೆ ಕರೆದುಕೊಂಡು ಹೋಗಲು ಆಸ್ಪತ್ರೆಯವರು ಅವಸರ ಮಾಡುತ್ತಿದ್ದರು, ಸಾತ್ವಿಕಾ ಬಾಗಿಲಲ್ಲಿ ನಿಂತು ಒಂದು ನಿಮಿಷ, ಒಂದು ನಿಮಿಷ ಎಂದು ಬೇಡುತ್ತಿದ್ದಳು.

ಹಡಗಿನಿಂದಲೇ ಕರೆ ಬಂತು. ಅಮ್ಮಣ್ಣಿ ಅಕ್ಕನನ್ನು ಹುಡುಕಿ ರಿಸೆಪ್ಷನ್ನಿಗೆ ಕರೆತಂದು ಫೋನು ಕೈಗೆ ಕೊಟ್ಟಿದ್ದರು. ಸಾತ್ವಿಕಾ ಅದನ್ನು ಅಪ್ಪನ ಕಿವಿಯ ಹತ್ತಿರ ಹಿಡಿದಳು.

"ಏನಾಯ್ತು ನಿಮಗೆ?"

"ಏನಿಲ್ಲ ಅಮ್ಮಣ್ಣಿ. ಸಣ್ಣ ಆಪರೇಷನ್."

"ಸುಳ್ಳು ಹೇಳ್ಬೇಡಿ. ನಾನು ನೀರಿನ ನಡುವೆ ಇದ್ದೇನೆ, ಓಡಿ ಬರ್ಲಿಕ್ಕೆ ಆಗುವುದಿಲ್ಲ. ಮಾತಾದ್ರೂ ಸತ್ಯ ಹೇಳಿ."

ನಾನು ಎಂದೂ ಕೇಳದ ಮಾತು ಶಂಭಣ್ಣನ ಬಾಯಿಂದ ಬಂತು. "ಹೆದರಿಕೆ ಆಗ್ತದೆ ಅಮ್ಮಣ್ಣಿ."

"ನಾನಿದ್ದೇನೆ. ಇಲ್ಲೇ ಇದ್ದೇನೆ. ಕೇಳ್ತದಲ್ಲ?"

"ಕೇಳ್ತದೆ. ಹತ್ರವೇ ಇದ್ದ ಹಾಗೆ ಕೇಳ್ತದೆ."

ಅಷ್ಟರಲ್ಲಿ ಕರೆದುಕೊಂಡು ಹೋದರು. ಆಪರೇಷನ್ ಆದ ಮೇಲೆ ಶಂಭಣ್ಣನಿಗೆ ಎಚ್ಚರ ಬರಲಿಲ್ಲ. ಸಂಜೆಗೆ ಹೋಗಿಬಿಟ್ಟರು.

ಅಕ್ಕನಿಗೆ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಸಾತ್ವಿಕಾ ತಾನೇ ಹಡಗಿಗೆ ತಿಳಿಸಿ, ಅಮ್ಮನ ಅಳು ಮುಗಿಯುವವರೆಗೂ ಫೋನು ಹಿಡಿದುಕೊಂಡೇ ಇದ್ದಳು. ಹೆಣವನ್ನು ಹಾಗೆ ಇಡಬಾರದು ಎಂದು ಕುಟುಂಬದ ಹಿರಿಯರು ಗದರಿದರು. "ಅಮ್ಮ ಮುಖ ನೋಡದೆ ತೆಗೆಯುವುದಿಲ್ಲ" ಎಂದು ಅವಳು ಕದಲಲಿಲ್ಲ. ಹಡಗು ಯಾವಾಗ ಮುಂಬೈಗೆ ಬರುತ್ತದೆ, ಅಕ್ಕ ಯಾವ ವಿಮಾನ ಹತ್ತುತ್ತಾರೆ ಎಂಬುದೆಲ್ಲ ಗೊತ್ತಿದ್ದುದರಿಂದ ಹಿರಿಯರೂ ಕೊನೆಗೆ ಒಪ್ಪಿದರು. ಅಕ್ಕ ಬಂದ ಮೇಲೆಯೇ ಶವಸಂಸ್ಕಾರ ಆಯಿತು.

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನೂ ಹರ್ಷಿತಾಳೂ ಅವರ ಮನೆಯಲ್ಲಿ ಕುಳಿತಿದ್ದೆವು. ಸಾತ್ವಿಕಾ ಅಮ್ಮನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದ್ದಳು. ಅಮ್ಮಣ್ಣಿ ಅಕ್ಕ ಚೀಲದಿಂದ ಒಂದು ಹೊಸ ಅಂಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಕೊಚ್ಚಿಯಲ್ಲಿ ನೀನು ಫೋನು ಇಟ್ಟ ಮೇಲೆ ನಾನು ಏನು ಮಾಡಿದೆ ಗೊತ್ತುಂಟಾ ಮಗಾ? ಪೇಟೆ ಸುತ್ತಿದೆ. ಅಪ್ಪನಿಗೆ ಈ ಅಂಗಿ ತಗೊಂಡೆ. ಬಣ್ಣ ಅವರಿಗೆ ಆಗ್ತದಾ ಇಲ್ಲವಾ ಅಂತ ಅಂಗಡಿಯಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ಆ ಹೊತ್ತಿಗೆ ನಾನು ರೈಲಿನಲ್ಲಿ ಇರ್ಬೇಕಿತ್ತು."

ಸಾತ್ವಿಕಾ ಬಿಕ್ಕಿ ಬಿಕ್ಕಿ ಅತ್ತಳು. "ನನ್ನದೇ ತಪ್ಪು ಅಮ್ಮ."

"ನಿನ್ನದಲ್ಲ. ನೀನು ಅಪ್ಪನ ಮಾತು ನಡೆಸಿದೆ. ಅವರೂ ನನಗೆ ಸುಖ ಆಗಲಿ ಅಂತಲೇ ಹೇಳಿದ್ದು. ಫೋನು ಕಪಾಟಿನಲ್ಲಿ ಇಟ್ಟು ಹೋದವಳು ನಾನು. ಹರ್ಷಿತಾ ಹೇಳಿದಾಗ ನಕ್ಕವಳು ನಾನು." ಅಕ್ಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. "ಆಪರೇಷನ್ನಿಗೆ ಮೊದಲೇ ನಾನು ಬಂದಿದ್ರೆ ಅವರು ಉಳೀತಿದ್ರು ಅಂತ ನಾನು ಹೇಳುವುದಿಲ್ಲ. ಕೈ ಹಿಡ್ಕೊಂಡು ಕೂತ್ಕೊಳ್ತಿದ್ದೆ, ಅಷ್ಟೆ. ಸ್ವರ ಒಂದು ಸಿಕ್ಕಿತಲ್ಲ, ಅದೂ ಇಲ್ಲದಿದ್ರೆ ನಾನು ಹೇಗೆ ಬದುಕುವುದು?"

ಕಳೆದ ತಿಂಗಳು ನಮ್ಮ ಸಂಘದ ಸಭೆಗೆ ಅಮ್ಮಣ್ಣಿ ಅಕ್ಕ ಬಂದರು. ಸಾತ್ವಿಕಾ ಪಕ್ಕದಲ್ಲಿದ್ದಳು. ಹಡಗಿಗೆ ಹೋಗುವವರು ಏನು ಮಾಡಬೇಕೆಂದು ಹರ್ಷಿತಾ ವಿವರಿಸುವಾಗ, ಅರ್ಥವಾಗದವರಿಗೆ ತುಳುವಿನಲ್ಲಿ ಬಿಡಿಸಿ ಹೇಳಿದವರು ಅಕ್ಕನೇ.

ಆದ್ದರಿಂದ ಓದುವವರೇ, ಕೇಳುವವರೇ, ಈಗ ನಮ್ಮ ಕಡೆಯಿಂದಲೂ ಎಷ್ಟೋ ಜನ ಹಡಗಿನ ಪ್ರವಾಸಕ್ಕೆ ಹೊರಡುತ್ತಿದ್ದೀರಿ. ಸಂತೋಷದಿಂದ ಹೋಗಿ. ಆದರೆ ನಿಮ್ಮ ಫೋನು ನಿಮ್ಮ ಜೊತೆಗೇ ಇರಲಿ. ಹಡಗಿನ ಹೆಸರು, ಕೋಣೆಯ ನಂಬರ್, ಅದು ಯಾವ ದಿನ ಯಾವ ಊರಿನಲ್ಲಿ ನಿಲ್ಲುತ್ತದೆ, ಕಂಪೆನಿಯ ತುರ್ತು ನಂಬರ್ ಯಾವುದು, ಇವನ್ನು ಬರೆದು ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿ. ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾಕದಿದ್ದರೆ ಅದು ಹಡಗಿನ ದುಬಾರಿ ನೆಟ್‌ವರ್ಕನ್ನು ತಾನಾಗಿಯೇ ಹಿಡಿದು ಬಿಲ್ಲು ಏರಿಸಬಹುದು. ವೈಫೈ ಹೇಗೆ ಸಿಗುತ್ತದೆಂದು ಟಿಕೆಟು ಮಾಡುವಾಗಲೇ ಕೇಳಿ. ಮಾತು ಕಡಿದು ಹೋಗುವ ಕಡೆಯೂ ಸಣ್ಣ ಮೆಸೇಜು ಮುಟ್ಟಬಹುದು, ದಿನವೂ ಒಂದು ಹಾಕಿ, ಮನೆಯವರ ಉತ್ತರ ಬಂತೋ ನೋಡಿ.

ಮನೆಯಲ್ಲಿ ಉಳಿದವರಿಗೂ ಒಂದು ಮಾತು. ಹಡಗು ದಡಕ್ಕೆ ಬಂದು ಫೋನು ಹತ್ತಿದಾಗ, ಮನೆಯಲ್ಲಿ ಹುಷಾರಿಲ್ಲದಿದ್ದರೆ ಹುಷಾರಿಲ್ಲ ಎಂದೇ ಹೇಳಿ. ಅವರ ಪ್ರವಾಸ ಕೆಡುತ್ತದೆಂದು ನೀವು ತೀರ್ಮಾನಿಸಬೇಡಿ. ಇಳಿದು ಬರಬೇಕೋ ಮುಂದೆ ಹೋಗಬೇಕೋ ಎಂಬುದನ್ನು ಅವರೇ ಹೇಳಲಿ.