ವಾಸುವಿನ ಹೆಸರಿನ ಕೋಟೆ

ಬೇಸಿಗೆ ಮುಗಿಯುತ್ತ ಬಂದಿತ್ತು. ಭಾನುವಾರ, ದೀಪ ಹಚ್ಚುವ ಹೊತ್ತು. ಮಧ್ಯಾಹ್ನ ನಾಲ್ಕು ಹನಿ ಉದುರಿಸಿ ಮೋಡ ಹೆಸರಘಟ್ಟದ ಕಡೆ ಸರಿದುಹೋಗಿತ್ತು. ಯಲಹಂಕದ ಹಳೇ ಊರಿನ ಬೀದಿಯಲ್ಲಿ ಕಾದ ಸಿಮೆಂಟಿನ ವಾಸನೆ ಇನ್ನೂ ಇತ್ತು. ಉಮೇಶ್ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಹೆಡ್‌ಫೋನ್ ಕೈಗೆತ್ತಿಕೊಳ್ಳುವಾಗ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮೇಲಿನ ಮನೆಯ ಬಾಡಿಗೆದಾರ ವಾಸು ಆ ಹೊತ್ತಿನಲ್ಲಿ ಇಳಿದು ಬರುವವನಲ್ಲ. ಅವನು ಮೇಲೆ, ಇವನು ಕೆಳಗೆ ಕೂತು, ನಡುವೆ ಒಂದೇ ಒಂದು ತಾರಸಿಯಿದ್ದರೂ ಕಂಪ್ಯೂಟರ್ ಆಟದೊಳಗೇ ಭೇಟಿಯಾಗುವುದು ಅವರ ಭಾನುವಾರದ ಪದ್ಧತಿ.

"ಉಮೇಶಣ್ಣ, ಆಟ ಓಪನ್ ಆಗ್ತಿಲ್ಲ. ನಿಮ್ದು?"

ಉಮೇಶನ ಪರದೆಯ ಮೇಲೂ ಅದೇ ನೋಟೀಸು ನಿಂತಿತ್ತು. ಅವನು ಅದನ್ನು ಎರಡು ಸಲ ಓದಿದ.

"ಹೊಸ ಅಪ್‌ಡೇಟ್ ಕಣೋ. ಮೋಸ ಹಿಡಿಯೋಕೆ ಒಂದು ಕಾವಲು ಇಟ್ಟವ್ರಲ್ಲ, ಅದು ಇನ್ಮೇಲೆ ಲಿನಕ್ಸ್ ಮಿಷಿನ್ನುಗಳನ್ನ ಒಳಗೇ ಬಿಡಲ್ವಂತೆ."

"ಯಾಕಂತೆ?"

"ಮೋಸಗಾರ್ರೆಲ್ಲ ಲಿನಕ್ಸ್‌ನಲ್ಲೇ ಇರ್ತಾರಂತೆ. ಇಷ್ಟು ವರ್ಷ ಆಡಿದೀನಿ, ನನಗೆ ಒಬ್ಬನೂ ಸಿಗಲಿಲ್ಲ. ಇವರಿಗೆ ಸಿಕ್ಬಿಟ್ರು!"

ವಾಸು ನಗಲಿಲ್ಲ. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಅವನ ಕೆಲಸ. ಉಗುರಿನ ಸಂದಿಯ ಗ್ರೀಸು ಭಾನುವಾರವೂ ಹೋಗುತ್ತಿರಲಿಲ್ಲ.

ಈ ಅಂಗಡಿ ಒಂದು ಕಾಲಕ್ಕೆ ಸೈಬರ್ ಸೆಂಟರ್ ಆಗಿತ್ತು. ರೈಲ್ವೆ ಹಳಿಯ ಪಕ್ಕದ ಹೊಲ ಮಾರಿ ಅಪ್ಪ ಈ ಕಟ್ಟಡ ಕಟ್ಟಿಸಿದಾಗ, ಹತ್ತನೇ ಕ್ಲಾಸು ದಾಟದ ಮಗನಿಗೆಂದು ಕೆಳಗೊಂದು ಮಳಿಗೆ ಬಿಟ್ಟಿದ್ದ. ಕಳ್ಳ ವಿಂಡೋಸ್ ಇಟ್ಟುಕೊಂಡವರನ್ನು ಹಿಡಿಯಲು ಬರುತ್ತಾರೆ ಎಂಬ ಗುಲ್ಲು ಎದ್ದ ವರ್ಷ ಉಮೇಶ್ ಹೆದರಿ, ಅದರ ಬದಲು ಎಲ್ಲ ಕಂಪ್ಯೂಟರಿಗೂ ಬಿಟ್ಟಿ ಸಿಗುವ ಲಿನಕ್ಸ್ ಹಾಕಿದ. ಗಿರಾಕಿಗಳು ಪಕ್ಕದ ಬೀದಿಗೆ ಹೋದರು. ಖಾಲಿ ಅಂಗಡಿಯಲ್ಲಿ ಅವನು ವಿಂಡೋಸಿಗೆಂದೇ ಮಾಡಿದ ಒಂದು ಕಾರ್ ರೇಸ್ ಆಟವನ್ನು ಲಿನಕ್ಸಿನಲ್ಲಿ ಓಡಿಸಲು ಕೂತ. ಸದ್ದು ಬಂದರೆ ಚಿತ್ರ ಬರುತ್ತಿರಲಿಲ್ಲ, ಚಿತ್ರ ಬಂದರೆ ರಸ್ತೆಯೆಲ್ಲ ಹಸಿರು. ಆಗೆಲ್ಲ ಆಟ ಆಡುವುದಕ್ಕಿಂತ ಆಟ ಓಡಿಸುವುದೇ ದೊಡ್ಡ ಆಟ. ಕೊನೆಗೊಂದು ದಿನ ಕಾರು ಚಲಿಸಿತು. ಅವನು ಕೂಗಿದ ಕೂಗಿಗೆ, ಬಾಗಿಲ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಸ್ಕೂಲು ಹುಡುಗರು ಒಳಗೆ ಓಡಿ ಬಂದರು. ಒಬ್ಬ ವಾಸು, ಇನ್ನೊಬ್ಬ ಅವನ ತಮ್ಮ ಮುನಿರಾಜ.

ಅಂದಿನಿಂದ ಉಮೇಶನಿಗೆ ಲಿನಕ್ಸ್ ಎಂದರೆ ಹೆದರಿ ಹಾಕಿಕೊಂಡದ್ದು ಎಂಬುದೇ ಮರೆತುಹೋಯಿತು. ಅದೊಂದು ವ್ರತದ ಹಾಗಾಯಿತು. "ವಿಂಡೋಸ್ ಅಂದ್ರೆ ಬಾಡಿಗೆ ಮನೆ ಕಣ್ರೋ," ಎನ್ನುತ್ತಿದ್ದ. "ಒಂದು ಮೊಳೆ ಹೊಡೀಬೇಕಂದ್ರೂ ಓನರ್ನ ಕೇಳ್ಬೇಕು. ಇದು ಸ್ವಂತ ಮನೆ. ಸೋರುತ್ತೆ, ಹೌದು. ನಾವೇ ಹತ್ತಿ ಹಂಚು ಸರಿ ಮಾಡ್ಕೊಳ್ಳೋದು." ಈಚಿನ ವರ್ಷಗಳಲ್ಲಿ ಹೆಚ್ಚಿನ ಆಟಗಳು ಗುಂಡಿ ಒತ್ತಿದರೆ ಸಾಕು, ಓಡುತ್ತಿದ್ದವು. ತಾನು ಹೇಳಿದ್ದು ನಿಜವಾಯಿತೆಂದು ಅವನು ಬೀಗುತ್ತಿದ್ದ.

"ಉಮೇಶಣ್ಣ, ನನಗೆ ವಿಂಡೋಸ್ ಹಾಕ್ಕೊಟ್ಬಿಡಿ," ವಾಸು ಮೆಲ್ಲಗೆ ಹೇಳಿದ. "ಕೋಟೆ ನೋಡ್ಕೋಬೇಕು."

ಉಮೇಶನಿಗೆ ಗೊತ್ತಿತ್ತು. ಮೂವರೂ ಸೇರಿ ಆ ಆಟದೊಳಗೆ ಹೊಳೆಯ ದಂಡೆಯಲ್ಲಿ ಒಂದು ಕಲ್ಲುಕೋಟೆ ಕಟ್ಟಿದ್ದರು. ಕಟ್ಟಿದ್ದು ಎಂದರೆ ಮುನಿರಾಜನೇ. ಟೈಲ್ಸ್ ಹಾಕುವ ಕೆಲಸದವನು, ಆಟದಲ್ಲೂ ಮೂಲೆಗೆ ಮೂಲೆ ಕೂಡಿಸಿ ನೋಡುತ್ತಿದ್ದ. ಕೋಟೆಯ ಬಾಗಿಲಿಗೆ ಜಗಲಿ ಮಾಡಿದ್ದ. ಆ ಆಟದಲ್ಲಿ ದನಗಳೇ ಇಲ್ಲದಿದ್ದರೂ ದನಕ್ಕೆ ನೀರಿನ ತೊಟ್ಟಿ ಇಟ್ಟಿದ್ದ. "ಯಾವತ್ತಾದ್ರೂ ಬಿಡ್ತಾರೆ, ಇರ್ಲಿ," ಎಂದಿದ್ದ. ಕೊರೋನಾದ ಎರಡನೇ ಅಲೆಯಲ್ಲಿ ಅವನು ಹೋದ. ಮುಖ ನೋಡಲೂ ಬಿಡಲಿಲ್ಲ. ಅಲ್ಲಿಂದಾಚೆ ವಾಸು ಪ್ರತಿ ಭಾನುವಾರ ಕೋಟೆಗೆ ಹೋಗಿ ಜಗಲಿಯ ಮೇಲೆ ಪಂಜು ಹಚ್ಚಿಟ್ಟು ಬರುತ್ತಿದ್ದ. ಕೋಟೆ ಇದ್ದದ್ದು ವಾಸುವಿನ ಹೆಸರಿನಲ್ಲಿ. ಹೆಸರಿದ್ದವನು ಬಂದು ಉಗ್ರಾಣಕ್ಕೆ ಕಲ್ಲು, ಮರ ತುಂಬುತ್ತಿರಬೇಕು. ವಾರಗಟ್ಟಲೆ ಬಾರದಿದ್ದರೆ ಗೋಡೆ ತಾನಾಗಿ ಉದುರುತ್ತದೆ. ಅದು ಆ ಆಟದ ಕಾನೂನು.

"ನಾಳೆ ಮಿಷಿನ್ ಕೆಳಗೆ ತಂದಿಡು," ಎಂದ ಉಮೇಶ್. "ಪಾಸ್‌ವರ್ಡೂ ಕೊಟ್ಟಿರು, ಹಾಕಿಡ್ತೀನಿ."

ಮಾರನೆಯ ದಿನ ಮಧ್ಯಾಹ್ನ ಮಿಷಿನ್ನಿನ ಮುಂದೆ ಕೂತವನಿಗೆ ಕೈ ಬರಲಿಲ್ಲ. ತಾನೇ ಜೋಡಿಸಿಕೊಟ್ಟದ್ದು. ಯಾವನೋ ಬೇಡ ಅಂದದ್ದಕ್ಕೆ ಇಷ್ಟು ವರ್ಷದ್ದನ್ನು ಅಳಿಸುವುದೇ? ದಾರಿ ಇಲ್ಲದ ಕಡೆ ದಾರಿ ಮಾಡಿಯೇ ಅವನಿಗೆ ಅಭ್ಯಾಸ. ಲಿನಕ್ಸಿನೊಳಗೇ ಒಂದು ಹುಸಿ ಕಂಪ್ಯೂಟರ್ ಮಾಡಿ, ಅದರೊಳಗೆ ವಿಂಡೋಸ್ ಕೂರಿಸಿ, ಅದು ಹುಸಿ ಎಂಬ ಗುರುತುಗಳನ್ನೆಲ್ಲ ಒಂದೊಂದಾಗಿ ಒರೆಸಿದ. ಆಟ ತೆರೆಯಿತು. ಕೋಟೆ ಕಾಣಿಸಿತು. ಅಂದು ಆಟದ ಕಾರು ಚಲಿಸಿದಾಗಿನ ಹಾಗೆ ಕೂಗಲು ಬಾಯಿ ತೆರೆದು ತಡೆದುಕೊಂಡ. ಸಂಜೆ ಮಿಷಿನ್ನು ವಾಪಸು ಕೊಡುವಾಗ ವಾಸುವಿಗೆ ಹೇಳಲಿಲ್ಲ. ಮೊದಲು ಆಡಲಿ, ಆಮೇಲೆ ಹೇಳಿದರೆ ನಗುತ್ತಾನೆ ಅಂದುಕೊಂಡ.

ಗುರುವಾರ ಸಂಜೆ ವಾಸು ಕೆಳಗೆ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ತಂದಿದ್ದ. ಮೋಸದ ಸಾಧನ ಬಳಸಿದ್ದಕ್ಕೆ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದು ಅದರಲ್ಲಿತ್ತು.

"ನಾನೇನ್ ಮೋಸ ಮಾಡ್ದೆ, ಉಮೇಶಣ್ಣ?"

ಉಮೇಶ್ ಫೋಟೋ ನೋಡಿ ಮೊಬೈಲನ್ನು ಹಿಂದಕ್ಕೆ ಸರಿಸಿದ. ವಾಸುವಿಗೆ ಅರ್ಥವಾಯಿತು.

"ವಿಂಡೋಸ್ ಹಾಕಿರ್ಲಿಲ್ವಾ ನೀವು?"

"ಹಾಕಿದ್ದೆ ಕಣೋ. ಒಳಗೆ. ಲಿನಕ್ಸ್ ಒಳಗೆ. ಕಾವಲಿಗೆ ಗೊತ್ತಾಗಲ್ಲ ಅಂತ..."

"ನಾನು ನಿಮ್ಮನ್ನ ಕೇಳಿದ್ದು ಏನು?"

"ಬರೀತೀನಿ ಅವರಿಗೆ. ತಪ್ಪು ನಂದು ಅಂತ ಬರೀತೀನಿ. ಬಿಡಿಸ್ತೀನಿ ಕಣೋ."

ವಾಸು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಸ್ವಂತ ಮನೆ, ಬಾಡಿಗೆ ಮನೆ ಅಂತ ಹೇಳ್ತಾನೇ ಬಂದ್ರಿ. ನಿಮಗೇನ್ರೀ ಗೊತ್ತು, ನೀವು ಓನರ್ರು," ಎಂದ. ಅಷ್ಟು ವರ್ಷದಲ್ಲಿ ಉಮೇಶನನ್ನು ಅವನು 'ರೀ' ಎಂದಿರಲಿಲ್ಲ. "ನನ್ನ ಹೆಸರಲ್ಲಿದ್ದ ಮನೆ ಅದೊಂದೇ."

ಉಮೇಶ್ ಬರೆದ. ಇಂಗ್ಲಿಷ್ ಸರಿಯಿಲ್ಲವೆಂದು ಯಾರದೋ ಕೈಲಿ ತಿದ್ದಿಸಿ ಮತ್ತೆ ಬರೆದ. ಪ್ರತಿಸಲವೂ ಒಂದೇ ಉತ್ತರ, ಒಂದೇ ಅಕ್ಷರ, ತೀರ್ಮಾನ ಬದಲಾಗುವುದಿಲ್ಲ. ಕೊನೆಗೆ ಅವನು, ಯಾವುದನ್ನು ಮುಟ್ಟುವುದಿಲ್ಲ ಎಂದಿದ್ದನೋ ಆ ವಿಂಡೋಸನ್ನೇ ತನ್ನ ಸ್ವಂತ ಮಿಷಿನ್ನಿಗೆ ಹಾಕಿಕೊಂಡ. ಕಾವಲು ಒಂದು ಮಾತೂ ಕೇಳದೆ ಒಳಗೆ ಬಿಟ್ಟಿತು. ಹೊಳೆಯ ದಂಡೆಗೆ ನಡೆದು ಹೋದ. ಉಗ್ರಾಣದ ಬೀಗ ಇವನ ಕೈಗೆ ತೆರೆಯಲಿಲ್ಲ. ಹೊತ್ತು ತಂದ ಕಲ್ಲನ್ನೆಲ್ಲ ಬಾಗಿಲ ಮುಂದೆ ರಾಶಿ ಹಾಕಿದ. ಅದು ಗೋಡೆಗೆ ಸೇರದ ಕಲ್ಲು. ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದ. ಮೊದಲು ಹಿಂದಿನ ಬುರುಜು ಹೋಯಿತು, ಆಮೇಲೆ ತೊಟ್ಟಿ.

ಜೂನ್ ಕಳೆದು ಆಷಾಢ ಬಂತು. ಒಂದು ಬೆಳಿಗ್ಗೆ ಮನೆ ಮುಂದೆ ಟೆಂಪೋ ನಿಂತಿದ್ದು ಕಂಡು ಉಮೇಶನ ಹೆಂಡತಿ ನಾಗಲಕ್ಷ್ಮಿ ಕೈಯಲ್ಲಿನ ರಂಗೋಲಿ ಡಬ್ಬ ಹಿಡಿದೇ ಮೆಟ್ಟಿಲ ಹತ್ತಿರ ಹೋದಳು.

"ಏನ್ ವಾಸು ಇದು? ಆಸಾಡದಾಗೆ ಯಾರಾದ್ರೂ ಮನೆ ಖಾಲಿ ಮಾಡ್ತಾರೇನೋ? ಅದೂ ಮಂಗ್ಳಾರ! ರಾಣಿ, ನೀನಾದ್ರೂ ಯೋಳ್ಬಾರ್ದೇನಮ್ಮ?"

"ಯೋಳ್ದೆ ಅಕ್ಕ," ಎಂದಳು ವಾಸುವಿನ ಹೆಂಡತಿ, ಬಕೆಟಿನೊಳಗೆ ಪಾತ್ರೆ ತುಂಬುತ್ತ. "ಸೋಲದೇವನಹಳ್ಳಿಯಾಗೆ ಮನೆ ಸಿಕ್ಕೈತೆ, ಇವತ್ತೇ ಓಗಾಣ ಅಂತಾರೆ. ನನ್ ಮಾತು ಕೇಳಿದ್ರೆ ತಾನೆ?"

ಉಮೇಶ್ ಶಟರಿನ ಪಕ್ಕ ನಿಂತಿದ್ದ. ವಾಸು ಕಂಪ್ಯೂಟರನ್ನು ಎದೆಗೊತ್ತಿ ಇಳಿಸಿ ತಂದು ಅಂಗಡಿಯ ಹೊಸ್ತಿಲ ಮೇಲಿಟ್ಟ.

"ಇದು ನಿಮ್ದು."

"ಜಗಲಿ ಇನ್ನೂ ಇದೆ ಕಣೋ," ಎಂದ ಉಮೇಶ್. "ಬಾ, ಒಂದ್ಸಲ ನೋಡು. ನನ್ ಮಿಷಿನ್ನಲ್ಲಿ ಕಾಣುತ್ತೆ."

ವಾಸು ಒಳಗಿನ ಪರದೆಯ ಕಡೆ ಅರೆಗಳಿಗೆ ನೋಡಿದ. ಆಮೇಲೆ ಕೈಯ ಧೂಳು ಕೊಡವಿದ.

"ನೀವೇ ನೋಡ್ಕೊಳ್ರೀ," ಎಂದು ಟೆಂಪೋ ಹತ್ತಿದ.

ಬೀಗದ ಕೈ ಮೆಟ್ಟಿಲ ಮೇಲಿತ್ತು. ಮಧ್ಯಾಹ್ನ ಉಮೇಶ್ ಮೇಲೆ ಹೋದ. ಗುಡಿಸಿ, ಒರೆಸಿ, ಕಿಟಕಿಗಳನ್ನು ಹಾಕಿ ಹೋಗಿದ್ದರು. ಮುನಿರಾಜನ ಫೋಟೋ ಇದ್ದ ಗೋಡೆಯ ಮೇಲೆ ಸುಣ್ಣ ಮಾಸದ ಒಂದು ಚೌಕ ಉಳಿದಿತ್ತು. ಅದರ ಮೇಲ್ಗಡೆ, ಹಿಂದೊಮ್ಮೆ ಉಮೇಶನನ್ನು ಕೇಳಿ ಹೊಡೆದಿದ್ದ ಮೊಳೆಯನ್ನು ವಾಸು ಕಿತ್ತು, ತೂತಿಗೆ ಬಿಳೀ ಸಿಮೆಂಟು ತುಂಬಿ, ಅಂಗೈಯಲ್ಲಿ ಉಜ್ಜಿ ಸಮ ಮಾಡಿದ್ದ. ಉಮೇಶ್ ಬೆರಳಿಟ್ಟು ನೋಡಿದ. ಇನ್ನೂ ಹಸಿಯಿತ್ತು.

ವಾಸು ಹೋದದ್ದು ಆಷಾಢದ ಎರಡನೇ ಮಂಗಳವಾರ.