ಖಣದೊಳಗಿನ ಚಾವಿ

ಕಾರಿನ ಲಾಕು ಮನೆಗೆ ಬಂದ ದಿನ ಸುಭಾಸ ಅದಕ್ಕೂ ಪೂಜೆ ಮಾಡಿದ. ಸ್ಟೇರಿಂಗಿಗೆ ಅಡ್ಡಲಾಗಿ ಸಿಕ್ಕಿಸುವ ದಪ್ಪನೆಯ ಕೆಂಪು ಸರಳು ಅದು. ಹಾಕಿ ಅದುಮಿದರೆ ಸ್ಟೇರಿಂಗು ತಿರುಗುವುದಿಲ್ಲ. ಸರಳಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದ. ಕಾರಿಗೂ ಅವನು ಇಷ್ಟು ಭಕ್ತಿ ತೋರಿಸಿರಲಿಲ್ಲ.

ಬೈಲಹೊಂಗಲದ ಅವರ ಓಣಿಯಲ್ಲಿ ಈವರೆಗೆ ಕಳುವಾದದ್ದೆಂದರೆ ಒಂದು ಸೈಕಲ್ಲು, ಒಂದು ತಾಮ್ರದ ಹಂಡೆ. ಆದರೆ ಸುಭಾಸನ ಕಳ್ಳರು ಓಣಿಯವರಲ್ಲ, ಮೊಬೈಲಿನವರು. ಯಾವುದೋ ಊರಲ್ಲಿ ಯಾರೋ ಕಾರು ಕದಿಯುವ ವಿಡಿಯೋ ದಿನಕ್ಕೊಂದು ಬರುತ್ತಿತ್ತು. ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತು ಅವನು ಅದನ್ನು ಗಿರಾಕಿಗಳಿಗೂ ತೋರಿಸುತ್ತಿದ್ದ.

ಲಾಕಿನ ನಿಜವಾದ ಕಾರಣ ಅವನ ಹೆಂಡತಿ ಮೀನಾಳಿಗೆ ಗೊತ್ತಿತ್ತು. ಮಕ್ಕಳನ್ನು ಸಾಲೆಗೆ ಕಳಿಸಿ, ರೊಟ್ಟಿ ಬಡಿದಿಟ್ಟು, ಆ ನಡುವಿನ ಹೊತ್ತಿನಲ್ಲಿ ಅವಳು ಕಾರು ಕಲಿತು ಲೈಸೆನ್ಸು ತೆಗೆದುಕೊಂಡಿದ್ದಳು. ಒಂದು ದಿನ ಒಬ್ಬಳೇ ಸಂಪಗಾಂವಿಗೆ ಹೋಗಿ ಬಂದಳು. ಸಂಜೆ ಕಟ್ಟೆಯ ಮೇಲೆ ಯಾರೋ, "ಏನ್ ಸುಭಾಸಣ್ಣಾ, ಡ್ರೈವರ್ ಇಟ್ಟೀಯಂತಲ್ಲ, ಪಗಾರ ಏನ್ ಕೊಡ್ತಿ?" ಎಂದರು. ಅದೇ ವಾರ ಲಾಕು ಬಂತು.

"ಚಾವಿ ಎಲ್ಲಿಟ್ಟೀರಿ?" ಎಂದು ಮೀನಾ ಕೇಳಿದ್ದಳು.

"ಕಳ್ಳ ಕನಸಿನ್ಯಾಗೂ ನೋಡದಂಥಾ ಜಾಗಾದಾಗ ಇಟ್ಟೇನಿ. ಲಾಕಿನ ಎರಡೂ ಚಾವಿ ಒಂದ ರಿಂಗಿಗೆ ಹಾಕೇನಿ, ಒಂದು ಕಳದ್ರ ಫಜೀತಿ."

ಅಂದಿನಿಂದ ಕಾರು ಮನೆಯ ಮುಂದೆ ನಿಂತದ್ದು ನಿಂತೇ ಇತ್ತು. ಸುಭಾಸ ದಿನಾ ಮುಂಜಾನೆ ಅದರೊಳಗೆ ಕುಳಿತು ಇಂಜಿನ್ನು ಶುರು ಮಾಡುವನು, ಕಣ್ಣು ಮುಚ್ಚಿ ಸದ್ದು ಕೇಳುವನು, ಬಂದ್ ಮಾಡುವನು, ಇಳಿದು ಬಸ್ಸಿಗೆ ಹೋಗುವನು. ಮತ್ತೆ ಮತ್ತೆ ಲಾಕು ತೆಗೆದರೆ ಅದು ಸವೆಯುತ್ತದೆ ಎಂಬುದು ಅವನ ವಾದ.

ಮೀನಾಳೂ ಬಸ್ಸಿಗೇ ಓಡಾಡಿದಳು. ಆದರೆ ಹೂಲಿಯಲ್ಲಿ ಅವಳ ಅವ್ವ ತಂಗೆವ್ವನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಅಪ್ಪ ಬಸಯ್ಯ ಅವಳನ್ನು ಸವದತ್ತಿಯ ಆಸ್ಪತ್ರೆಯಿಂದ ಬಾಗಿಲಿಲ್ಲದ ಟಂಟಂ ರಿಕ್ಷಾದಲ್ಲಿ ಮನೆಗೆ ಕರೆತಂದ. ದಾರಿಯ ಧೂಳೆಲ್ಲ ಕಣ್ಣಿಗೆ ಬಿತ್ತು, ಕಣ್ಣು ಕೆಂಡದಂತಾಯಿತು. ಮರಳಿ ಒಯ್ದು ತೋರಿಸಿದಾಗ, ಸೋಮವಾರ ಮತ್ತೆ ಬರಬೇಕು, ಈ ಸಲ ಧೂಳು ಸೋಕಿದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಬೈದು ಕಳಿಸಿದರು.

"ನಾ ಕಾರು ತರತೇನಿ, ಯವ್ವಾ. ಕಿಡಕಿ ಕಾಜು ಏರಿಸಿ ಕರಕೊಂಡ್ ಹೋಗತೇನಿ," ಎಂದು ಮೀನಾ ಫೋನಿನಲ್ಲಿ ಮಾತು ಕೊಟ್ಟಳು.

ರವಿವಾರ ಮುಂಜಾನೆ ಗಂಡನಿಗೆ ಚಹಾ ಕೊಟ್ಟು ಹೇಳಿದಳು, "ನಾಳಿಗೆ ಚಾವಿ ಬೇಕ್ರಿ."

"ನಾನ ಹೊಡೀತೇನಿ ಬಿಡು," ಎನ್ನುತ್ತ ಸುಭಾಸ ನೇರ ಅವಳ ಟ್ರಂಕಿನ ಕಡೆಗೆ ನಡೆದ. ಉಡಿ ತುಂಬಲೆಂದು ಎತ್ತಿಟ್ಟ ರವಿಕೆ ಖಣಗಳ ಗಂಟು ಬಿಚ್ಚಿದ. ತಿರುವಿದ, ಮತ್ತೆ ತಿರುವಿದ. ಹಣೆಯ ಮೇಲೆ ಬೆವರು ಬಂತು.

"ಇದರಾಗೊಂದು ಗಿಣಿ ಹಸರ ಖಣ ಇತ್ತಲ್ಲ, ಬದನಿಕಾಯಿ ಬಣ್ಣದ ಅಂಚಿಂದು?"

ಮೀನಾಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ಅದರಾಗ ಇಟ್ಟಿದ್ರೇನು?"

"ಅಷ್ಟು ಕೆಟ್ಟ ಖಣ ಯಾರ್ ಮುಟ್ತಾರಂತ, ಮಡಿಕ್ಯಾಗ ಇಟ್ಟು ಟಾಚಣಿ ಚುಚ್ಚಿದ್ದೆ."

ಹೆಂಗಸರ ಲೋಕದ ನಿಯಮ ಅವನಿಗೆಲ್ಲಿ ಗೊತ್ತು? ಒಳ್ಳೆಯ ಖಣ ಟೇಲರನ ಬಳಿ ಹೋಗುತ್ತದೆ. ಯಾರೂ ತೊಡಲಾರದ್ದು ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆಯ ಜೊತೆ ಉಡಿಯಿಂದ ಉಡಿಗೆ ಊರೂರು ತಿರುಗುತ್ತದೆ. ಮಡಿಕೆ ಬಿಚ್ಚಿದರೆ ಹೊಸದೆಂದು ಕೊಡಲು ಬರುವುದಿಲ್ಲ, ಹಾಗಾಗಿ ಯಾರೂ ಬಿಚ್ಚುವುದೂ ಇಲ್ಲ.

"ಮುರಗೋಡದ ಶೀತಲ್ ಬಂದಿದ್ಲಲ್ಲ, ಆಕಿಗೆ ಉಡಿ ತುಂಬಿದ್ನಿ," ಎಂದಳು ಮೀನಾ.

ಶೀತಲ್ ಸುಭಾಸನ ಕಾಕಾನ ಮಗಳು. ಫೋನು ಹಚ್ಚಿದಾಗ ಅವಳ ದನಿ ಸಕ್ಕರೆಯಂತಿತ್ತು. "ಅದರಿ, ವೈನಿ? ಭಾಳ ಚಂದಿತ್ತು ನೋಡ್ರಿ. ಮರುದಿನಾನ ಹೊಲ್ಯಾಕ ಕೊಟ್ನಿ."

"ಹಂಗಾರ ಟೇಲರ್‌ಗೆ ಕೇಳು, ಮಡಿಕ್ಯಾಗ ನಮ್ಮ ಕಾರಿನ ಲಾಕಿನ ಚಾವಿ ಐತಿ."

ಆ ಕಡೆ ಶೀತಲ್ ಎರಡು ಸಲ ಕೆಮ್ಮಿದಳು. ಮೀನಾ ಮೆತ್ತಗೆ ಅಂದಳು, "ಖರೇ ಹೇಳ್ಬೇಕಂದ್ರ ಶೀತಲ್, ಅದು ನನಗೂ ಯಾರೋ ಕೊಟ್ಟಿದ್ದ."

"ಹಿಂಗ್ ಮೊದ್ಲ ಹೇಳಬಾರದೇನ್ರಿ," ಎಂದು ಶೀತಲ್ ಉಸಿರು ಬಿಟ್ಟಳು. "ಸವದತ್ತಿ ನೀಲಾ ವೈನಿ ಬಂದಿದ್ರು, ಅವರ ಉಡ್ಯಾಗ ಹಾಕಿದ್ನಿ."

ಶೀತಲಳ ಅಣ್ಣನ ಹೆಂಡತಿ ನೀಲಾ ನಾಚಿಕೆಗೀಚಿಕೆ ಇಟ್ಟುಕೊಂಡವಳಲ್ಲ. "ಆ ಬಣ್ಣಾ ಯಾರ್ ಹೊಲಿಸ್ಕೋತಾರ, ಅಕ್ಕಾ? ನಿಮ್ಮ ಅವ್ವಾರು ಕಣ್ಣ ತೋರ್ಸಕೊಂಡು ನಮ್ಮನಿಗೆ ಬಂದಿದ್ರು. ಮುತ್ತೈದಿನ್ನ ಬರಿಗೈಲೆ ಹೆಂಗ್ ಕಳಸೂದು? ಕಣ್ಣೂ ಕಾಣ್ತಿರಲಿಲ್ಲ, ನಡೀತೈತಿ ಅಂತ ತುಂಬಿದ್ನಿ."

ಮೀನಾ ಮಧ್ಯಾಹ್ನದ ಅಡುಗೆ ಮುಗಿಸಿ, ಮಕ್ಕಳನ್ನು ಗಂಡನಿಗೆ ಒಪ್ಪಿಸಿ ಹೂಲಿಗೆ ಹೊರಟಳು. ತಂಗೆವ್ವ ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಮಗಳ ಕಾಲ ಸಪ್ಪಳ ಕೇಳಿದ್ದೇ ಮಗ್ಗುಲಿನ ಗಂಟು ಮುಂದೆ ತಳ್ಳಿದಳು.

"ಕಣ್ಣಿದ್ದಾಗ ನಾನೂ ಮಡಿಕಿ ಬಿಚ್ಚಿದಾಕಿ ಅಲ್ಲ. ಕಾಣವಲ್ದಂತ ಕೈಲೆ ಸವರಿದ್ನಿ, ಕಬ್ಬಿಣ ಹತ್ತಿತು. ಅಂಚಿಗೊಂದು ಗಂಟಾಗಿತ್ತು, ಅದೂ ಗುರ್ತು ಹತ್ತಿತು. ದೀಪಾವಳಿಗೆ ನಾನ ನಿನಗ ಕೊಟ್ಟಿದ್ದ ಖಣ ಇದು, ಹೌದಿಲ್ಲೋ?"

ಮೀನಾ ತಲೆ ತಗ್ಗಿಸಿದಳು. "ಹೌದು, ಯವ್ವಾ."

"ಇರ್ಲಿ. ನನಗೂ ಯಾರೋ ಕೊಟ್ಟಿದ್ದ."

ಇಬ್ಬರೂ ನಕ್ಕರು. ಕಣ್ಣಲ್ಲಿ ನೀರು ಬಂದರೆ ಡಾಕ್ಟರು ಬೈದಾರೆಂದು ತಂಗೆವ್ವ ನಗು ತಡೆದುಕೊಂಡಳು. ಲಾಕಿನ ಕತೆಯನ್ನೆಲ್ಲ ಕೇಳಿದ ಮೇಲೆ, "ಸೆರಗ ಹಿಡಿ," ಎಂದಳು. ಖಣ, ಅದರೊಳಗಿನ ಚಾವಿ, ಮೇಲೊಂದಿಷ್ಟು ಅಕ್ಕಿ ಮಗಳ ಉಡಿಗೆ ಬಿದ್ದವು. "ಉಡ್ಯಾಗ ಬಂದದ್ದು ಹೆಣ್ಣಮಕ್ಕಳದು. ಗಂಡಸರ ಕೈಗೆ ಕೊಡೂ ಪದ್ಧತಿ ಇಲ್ಲ. ನಿನ್ನ ಗಂಡಗ ಹೇಳು."

ಸಂಜೆ ಮನೆಗೆ ಬಂದು ಮೀನಾ ಅವ್ವನ ಮಾತು ಹೇಳಿದಳು. ಸುಭಾಸ ಕೈ ಚಾಚಿದವನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡ. ಕಬ್ಬಿಣದ ಸರಳಿಗೆ ಕಾಯಿ ಒಡೆದವನು, ಉಡಿಯ ವಿಷಯದಲ್ಲಿ ಎದುರು ಮಾತಾಡುವುದಾದರೂ ಹೇಗೆ?

"ಹಂಗಾರ ನಾನೂ ಬರತೇನಿ," ಎಂದಷ್ಟೇ ಅಂದ. "ಸವದತ್ಯಾಗ ಕಳ್ಳರ ಕಾಟ ಜಾಸ್ತಿ."

ಸೋಮವಾರ ಕಟ್ಟೆಯ ಮುಂದೆಯೇ ಕಾರು ಹೋಯಿತು. ಸ್ಟೇರಿಂಗು ಮೀನಾಳ ಕೈಯಲ್ಲಿ. ಹಿಂದಿನ ಸೀಟಿನಲ್ಲಿ ಸುಭಾಸ ಕೆಂಪು ಸರಳನ್ನು ಎಳೆಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಬಗ್ಗಿಸಿ ಕುಳಿತಿದ್ದ. ಹೂಲಿಯಲ್ಲಿ ತಂಗೆವ್ವ ಮುಂದೆ ಹತ್ತಿದಳು. ಕಾಜು ಏರಿತು. ಸವದತ್ತಿಯವರೆಗೆ ಒಂದು ಹಿಡಿ ಧೂಳೂ ಒಳಗೆ ಬರಲಿಲ್ಲ.

ಆಸ್ಪತ್ರೆಯ ಮುಂದೆ ಮೀನಾ ಅವ್ವನನ್ನು ಕೈ ಹಿಡಿದು ಇಳಿಸಿದಳು. ಅಷ್ಟರಲ್ಲಿ ಸುಭಾಸ ಮುಂದಿನ ಸೀಟಿಗೆ ಬಂದು, ಎಷ್ಟೋ ದಿನಗಳ ಹಸಿವು ತೀರುವಂತೆ ಸರಳನ್ನು ಸ್ಟೇರಿಂಗಿಗೆ ಸಿಕ್ಕಿಸಿ ಅದುಮಿದ. ಟಕ್ಕೆಂದಿತು. ಜಗ್ಗಿ ನೋಡಿದ, ಅಲುಗಲಿಲ್ಲ.

"ಇನ್ನ ಯಾವ ಕಳ್ಳ ಬರ್ತಾನ ಬರ್ಲಿ," ಎಂದು ಇಳಿದು, ರೂಢಿಯಂತೆ ಚಾವಿಗಾಗಿ ಕಿಸೆ ಮುಟ್ಟಿಕೊಂಡ. ಆಮೇಲೆ ಹೆಂಡತಿಯ ಕಡೆ ನೋಡಿದ.

ಮೀನಾ ಸೆರಗಿನ ತುದಿಯ ಗಂಟನ್ನು ಇನ್ನೊಂದಿಷ್ಟು ಬಿಗಿದು, ಅವ್ವನ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.